ಉದ್ಯಾನ ಕಾಮಗಾರಿಗೆ ಕಿರು ಲೋಡರ್: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಬೆಳಗಾವಿ ಮತ್ತು ಧಾರವಾಡಗಳ ನಡುವೆ, ಮಲಪ್ರಭೆಯ ದಂಡೆಯ ಮೇಲಿರುವ ಎಂ.ಕೆ. ಹುಬ್ಬಳ್ಳಿಯನ್ನು ಹೊರಗಿನವರು ಬಲ್ಲದ್ದು ಗಂಗಾಂಬಿಕೆಯ ಐಕ್ಯಮಂಟಪದಿಂದ ಮತ್ತು ಸಹಕಾರಿ ಸಕ್ಕರೆ ಕಾರ್ಖಾನೆಯಿಂದ. ಊರನ್ನು ಸೀಳಿಕೊಂಡು ಹೋಗುವ ಹೆದ್ದಾರಿ (ಹಿಂದಿನ 4, ಇಂದಿನ 48) ಈ ಭಾಗದ ಸಣ್ಣ ಗುತ್ತಿಗೆದಾರರಿಗೆ ಇನ್ನೊಂದು ಬಗೆಯ ಉದ್ಯೋಗವನ್ನೂ ತಂದುಕೊಟ್ಟಿದೆ. ಹೆದ್ದಾರಿಯ ಬದಿಯ ಕಲ್ಯಾಣಮಂಟಪಗಳು, ಹೋಟೆಲುಗಳು, ಕಾಲೇಜು ಆವರಣಗಳು ಮತ್ತು ಹೊಸ ಬಡಾವಣೆಗಳು ತಮ್ಮ ಅಂಗಳಕ್ಕೆ ಹುಲ್ಲುಹಾಸು, ಕಾಲುದಾರಿ, ಗಿಡಮರಗಳ ಸಾಲು ಬೇಕೆನ್ನುತ್ತಿವೆ. ಧಾರವಾಡದ ಕಡೆಗೆ ಬೇಲೂರು ಕೈಗಾರಿಕಾ ಪ್ರದೇಶವಿದೆ. ಪರಿಸರ ಅನುಮತಿ ಪಡೆಯುವ ದೊಡ್ಡ ಕಾರ್ಖಾನೆಗಳಿಗೆ ಒಟ್ಟು ಜಾಗದ ಶೇ. 33ರಷ್ಟು ಹಸಿರು ವಲಯ ಬೆಳೆಸಬೇಕೆಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸವದತ್ತಿಯ ಯಲ್ಲಮ್ಮನಗುಡ್ಡದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರ ಸರ್ಕಾರವು 100 ಕೋಟಿ ರೂ. ಯೋಜನೆಯನ್ನು ಮಂಜೂರು ಮಾಡಿತು. ಕಿತ್ತೂರಿನ ಕೋಟೆ ಮತ್ತು ಸಂಗೊಳ್ಳಿಯ ಶಿಲ್ಪವನಗಳಂಥ ಪ್ರವಾಸಿ ತಾಣಗಳಿಗೂ ಉದ್ಯಾನದ ನಿರ್ವಹಣೆ ವರ್ಷವಿಡೀ ಬೇಕಾಗುವಂಥದು.

ಈ ಕೆಲಸಗಳನ್ನು ಹಿಡಿಯುವವರು ಬಹುಮಟ್ಟಿಗೆ ನರ್ಸರಿ ನಡೆಸುವವರು, ಸಣ್ಣ ಸಿವಿಲ್ ಗುತ್ತಿಗೆದಾರರು ಮತ್ತು ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವ ರೈತ ಕುಟುಂಬಗಳವರು. ಎರಡು ಮೂರು ಕೆಲಸಗಳು ಕೈಗೂಡಿದ ಮೇಲೆ ಅವರ ಮುಂದೆ ಬರುವ ಪ್ರಶ್ನೆ ಒಂದೇ: ಬಾಡಿಗೆಯ ಜೆಸಿಬಿಗಾಗಿ ಕಾಯುವ ಬದಲು ಸ್ವಂತಕ್ಕೊಂದು ಕಿರು ಲೋಡರ್ ಕೊಂಡರೆ ಹೇಗೆ? ಪ್ರಶ್ನೆ ಸರಳ, ಆದರೆ ಅದರ ಹಿಂದಿರುವ ಮೊತ್ತ ಇಪ್ಪತ್ತೈದು ಮೂವತ್ತು ಲಕ್ಷ ರೂಪಾಯಿಗಳಷ್ಟು. ಅಷ್ಟು ಸಾಲಕ್ಕೆ ಭದ್ರತೆಯಾಗಿ ಹಲವು ಮನೆಗಳಲ್ಲಿ ತಂದೆಯ ಹೆಸರಿನ ಹೊಲದ ಉತಾರ ಬ್ಯಾಂಕಿಗೆ ಹೋಗುತ್ತದೆ. ಆದ್ದರಿಂದ ಯಂತ್ರದ ಆಯ್ಕೆಯನ್ನು ಮಾರಾಟ ಪ್ರತಿನಿಧಿಯ ಮಾತಿನ ಮೇಲೆ ಬಿಡದೆ ಮಣ್ಣು, ಕೆಲಸದ ಗಂಟೆ ಮತ್ತು ನಗದಿನ ಹರಿವು ಈ ಮೂರನ್ನೂ ಕೂಡಿಸಿ ನೋಡುವುದು ಅಗತ್ಯ.

ಯಂತ್ರದ ಪರಿಚಯ

ಕಿರು ಲೋಡರ್ ಎಂದರೆ ಇಲ್ಲಿ ಹೇಳುತ್ತಿರುವುದು ಸ್ಕಿಡ್ ಸ್ಟಿಯರ್ ಲೋಡರನ್ನು. ಮಾರುಕಟ್ಟೆಯಲ್ಲಿ ಇದನ್ನು ಬಾಬ್‌ಕ್ಯಾಟ್ ಎಂದೇ ಕರೆಯುವುದುಂಟು, ಬ್ಯಾಕ್‌ಹೋ ಲೋಡರಿಗೆ ಜೆಸಿಬಿ ಎಂಬ ಹೆಸರೇ ನಿಂತುಹೋದಂತೆ. ಇದರ ಮೂಲ ಅಮೆರಿಕದ ಮಿನೆಸೋಟ ರಾಜ್ಯದ ಒಂದು ಟರ್ಕಿ ಕೋಳಿ ಸಾಕಣೆಯ ಕೊಟ್ಟಿಗೆ. ಅಲ್ಲಿಯ ಗೊಬ್ಬರ ತೆಗೆಯಲು ಇಕ್ಕಟ್ಟಿನಲ್ಲಿ ತಿರುಗಬಲ್ಲ ಯಂತ್ರವೊಂದನ್ನು ಕೆಲ್ಲರ್ ಸಹೋದರರು 1957ರಲ್ಲಿ ತಯಾರಿಸಿದರು. ಮೂರು ಗಾಲಿಯ ಆ ಯಂತ್ರದ ಹಕ್ಕನ್ನು ಪಡೆದ ಮೆಲ್ರೋ ಕಂಪನಿಯು 1960ರಲ್ಲಿ ಅದಕ್ಕೆ ನಾಲ್ಕು ಗಾಲಿ ಕೂಡಿಸಿತು. ಬಾಬ್‌ಕ್ಯಾಟ್ ಎಂಬ ಹೆಸರು ಬಂದದ್ದು 1962ರಲ್ಲಿ.

ಇದರ ಗಾಲಿಗಳು ಕಾರಿನ ಗಾಲಿಗಳಂತೆ ಹೊರಳುವುದಿಲ್ಲ. ಎಡಬದಿಯ ಎರಡು ಗಾಲಿಗಳು ಒಂದು ವೇಗದಲ್ಲಿ, ಬಲಬದಿಯವು ಇನ್ನೊಂದು ವೇಗದಲ್ಲಿ ಅಥವಾ ವಿರುದ್ಧ ದಿಕ್ಕಿನಲ್ಲಿ ತಿರುಗಿದಾಗ ಯಂತ್ರವು ನಿಂತಲ್ಲಿಯೇ ಸುತ್ತುತ್ತದೆ. ಕಂಪೌಂಡ್ ಗೋಡೆ ಮತ್ತು ಕಟ್ಟಡದ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಬ್ಯಾಕ್‌ಹೋ ಲೋಡರ್ ಮುಂದೆ ಹೋದರೂ ತಿರುಗಲಾರದು, ಇದು ತಿರುಗಿ ಬರುತ್ತದೆ. ಬ್ಯಾಕ್‌ಹೋ ಲೋಡರಿನ ತೂಕ ಸಾಮಾನ್ಯವಾಗಿ ಏಳೂವರೆ ಟನ್ ಆಸುಪಾಸು. ಕಿರು ಲೋಡರುಗಳಲ್ಲಿ ತೀರ ಚಿಕ್ಕದು ಒಂದೂಕಾಲು ಟನ್ ತೂಗಿದರೆ ನಮ್ಮಲ್ಲಿ ಹೆಚ್ಚಾಗಿ ಕಾಣಸಿಗುವ ಮಧ್ಯಮ ಅಳತೆಯವು ಎರಡೂವರೆಯಿಂದ ಮೂರು ಟನ್ ತೂಗುತ್ತವೆ. ಹೊಸದಾಗಿ ಹಾಸಿದ ಇಂಟರ್‌ಲಾಕ್ ಕಲ್ಲಿನ ಮೇಲೆ, ನೀರಿನ ಪೈಪು ಹುದುಗಿಸಿದ ಅಂಗಳದ ಮೇಲೆ ಈ ತೂಕದ ಅಂತರ ಬಹಳ ಮುಖ್ಯವಾಗುತ್ತದೆ.

ಆದರೆ ನಿಂತಲ್ಲಿ ಸುತ್ತುವ ಈ ಗುಣಕ್ಕೆ ಬೆಲೆಯೂ ಉಂಟು. ಪ್ರತಿ ತಿರುವಿನಲ್ಲಿಯೂ ಟೈರು ನೆಲಕ್ಕೆ ಉಜ್ಜುತ್ತದೆ. ಗರಸು ನೆಲದಲ್ಲಿ, ಕಾಂಕ್ರೀಟಿನ ಮೇಲೆ ಟೈರು ಬೇಗ ಸವೆಯುತ್ತದೆ, ಹುಲ್ಲುಹಾಸಿನ ಮೇಲೆ ಹುಲ್ಲೇ ಕಿತ್ತುಹೋಗುತ್ತದೆ. ಮಣ್ಣಿನ ಕೆಲಸವೆಲ್ಲ ಮುಗಿದು ಯಂತ್ರ ಹೊರಬಿದ್ದ ಮೇಲೆಯೇ ಹುಲ್ಲು ಹಾಸತಕ್ಕದ್ದು ಎಂಬ ಕ್ರಮವನ್ನು ಕೆಲಸದ ವೇಳಾಪಟ್ಟಿಯಲ್ಲಿಯೇ ಬರೆದಿಡುವುದು ಒಳ್ಳೆಯದು.

ಮಣ್ಣು ಮತ್ತು ಭಾರ

ಕಿರು ಲೋಡರನ್ನು ಅಶ್ವಶಕ್ತಿಯಿಂದ ಅಳೆಯುವುದು ವಾಡಿಕೆ. ಕೊಳ್ಳುವವನು ಮೊದಲು ಕೇಳಬೇಕಾದ ಅಂಕಿ ಅದಲ್ಲ. ರೇಟೆಡ್ ಆಪರೇಟಿಂಗ್ ಕೆಪ್ಯಾಸಿಟಿ, ಅಂದರೆ ಸುರಕ್ಷಿತವಾಗಿ ಎತ್ತಿ ಒಯ್ಯಬಹುದಾದ ಭಾರ ಎಷ್ಟು ಎಂಬುದು ಮುಖ್ಯ. ಎಷ್ಟು ಭಾರಕ್ಕೆ ಯಂತ್ರದ ಹಿಂಭಾಗ ಮೇಲೇಳುತ್ತದೆಯೋ ಅದರ ಅರ್ಧವನ್ನು ಗಾಲಿಯ ಯಂತ್ರಗಳಿಗೆ ಈ ಮಿತಿಯಾಗಿ ಗೊತ್ತುಮಾಡುತ್ತಾರೆ. ರಬ್ಬರ್ ಪಟ್ಟಿಯ ಮೇಲೆ ಓಡುವ ಯಂತ್ರಗಳಿಗೆ ಶೇ. 35ನ್ನು ಹಿಡಿಯುವುದುಂಟು. ಎರಡು ಬಗೆಯ ಯಂತ್ರಗಳ ಕರಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವಾಗ ಈ ವ್ಯತ್ಯಾಸವನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಈ ಅಂಕಿಯನ್ನು ನಮ್ಮ ಮಣ್ಣಿಗೆ ಹಚ್ಚಿ ನೋಡಬೇಕು. ಯಂತ್ರದ ಮಿತಿ 600 ಕಿಲೋ, ಬಕೆಟ್ಟಿನ ಅಳತೆ 0.4 ಘನ ಮೀಟರ್ ಎಂದಿಟ್ಟುಕೊಳ್ಳೋಣ. ಸಡಿಲವಾದ ಒಣ ಮಣ್ಣು ಘನ ಮೀಟರಿಗೆ ಸುಮಾರು 1,300 ಕಿಲೋ ತೂಗಿದರೆ ತುಂಬಿದ ಬಕೆಟ್ಟಿನ ಭಾರ 520 ಕಿಲೋ, ಮಿತಿಯೊಳಗೇ ಆಯಿತು. ಅದೇ ಬಕೆಟ್ಟಿನಲ್ಲಿ ನೀರುಂಡ ಎರೆಮಣ್ಣು, ಘನ ಮೀಟರಿಗೆ 1,800 ಕಿಲೋ ಎಂದು ಹಿಡಿದರೆ, 720 ಕಿಲೋ ಆಗುತ್ತದೆ. ಕಿತ್ತೂರಿನ ಕಡೆಯ ಮಸಾರಿ ನೆಲದಲ್ಲಿ ಸಲೀಸಾಗಿ ದುಡಿದ ಯಂತ್ರವು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆ ಭೂಮಿಯಲ್ಲಿ ಮೂತಿ ಊರುವುದಕ್ಕೆ ಕಾರಣ ಯಂತ್ರದ ದೋಷವಲ್ಲ, ಈ 200 ಕಿಲೋ. ಮೇಲಾಗಿ ಹಸಿ ಎರೆಮಣ್ಣು ಬಕೆಟ್ಟಿಗೆ ಮೆತ್ತಿಕೊಂಡು ಪೂರ್ತಿ ಸುರಿಯುವುದೂ ಇಲ್ಲ, ಗಾಲಿಗಳಿಗೂ ಸುತ್ತಿಕೊಳ್ಳುತ್ತದೆ. ಇಂಥ ನೆಲದಲ್ಲಿ ರಬ್ಬರ್ ಪಟ್ಟಿಯ ಯಂತ್ರವು ಮೇಲು, ಏಕೆಂದರೆ ಅದರ ಭಾರ ಹರಡಿಕೊಂಡು ನೆಲದ ಮೇಲಿನ ಒತ್ತಡ ಹಲವು ಪಟ್ಟು ಕಡಿಮೆಯಾಗುತ್ತದೆ. ಆದರೆ ಅದರ ಬೆಲೆ ಹೆಚ್ಚು, ಪಟ್ಟಿಗಳ ಬದಲಾವಣೆಯ ಖರ್ಚು ಇನ್ನೂ ಹೆಚ್ಚು. ಗರಸು ಮತ್ತು ಜಲ್ಲಿಯ ಮೇಲೆಯೂ ಓಡಾಡಬೇಕಾದ ಇಲ್ಲಿಯ ಕೆಲಸಗಳಿಗೆ ಗಾಲಿಯ ಯಂತ್ರವನ್ನೇ ಕೊಂಡು, ಎರೆ ನೆಲದ ಕೆಲಸವನ್ನು ಮಳೆ ಬೀಳುವ ಮುನ್ನ ಮುಗಿಸುವ ಯೋಜನೆ ಹಾಕುವುದು ಹೆಚ್ಚು ವಿವೇಕದ್ದು.

ಎತ್ತುವ ತೋಳಿನಲ್ಲಿಯೂ ಎರಡು ಬಗೆಗಳಿವೆ. ತೋಳು ಕಮಾನಿನ ಆಕಾರದಲ್ಲಿ ಮೇಲೇರುವ ರೇಡಿಯಲ್ ಬಗೆಯು ನೆಲ ಕೆರೆಯಲು, ಮಟ್ಟ ಮಾಡಲು ಅನುಕೂಲ. ನೇರವಾಗಿ ಮೇಲೇರುವ ವರ್ಟಿಕಲ್ ಬಗೆಯು ವಾಹನಕ್ಕೆ ತುಂಬಲು, ಕಲ್ಲಿನ ಪ್ಯಾಲೆಟ್ಟುಗಳನ್ನು ಇಳಿಸಲು ಅನುಕೂಲ. ಇಲ್ಲಿ ಸುರಿಯುವ ಎತ್ತರವನ್ನು ಟೇಪು ಹಿಡಿದೇ ಅಳೆಯತಕ್ಕದ್ದು. ಸಣ್ಣ ಲೋಡರುಗಳಲ್ಲಿ ಇದು 2 ಮೀಟರಿನ ಆಸುಪಾಸಿನಲ್ಲಿರುತ್ತದೆ. ಟ್ರ್ಯಾಕ್ಟರಿನ ಟ್ರೇಲರಿಗೆ ಅದು ಸಾಕು, ಎತ್ತರದ ಹಲಗೆಯ ಟಿಪ್ಪರಿಗೆ ಸಾಲದೆ ಹೋಗಬಹುದು. ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಬಕೆಟ್ಟಿನ ಕೀಲಿನ ಎತ್ತರ. ಬಕೆಟ್ಟು ಬಾಗಿದಾಗ ಅದರ ತುಟಿಯ ಎತ್ತರ ಅದಕ್ಕಿಂತ ಸಾಕಷ್ಟು ಕೆಳಗಿರುತ್ತದೆ.

ಜೋಡಣೆ ಉಪಕರಣಗಳು

ಕೇವಲ ಬಕೆಟ್ಟಿನ ಸಲುವಾಗಿ ಕಿರು ಲೋಡರ್ ಕೊಳ್ಳುವುದು ಲಾಭದ ಮಾತಲ್ಲ. ಗುಂಡಿ ತೋಡುವ ಆಗರ್, ಪ್ಯಾಲೆಟ್ ಫೋರ್ಕ್, ಕಾಲುವೆ ತೋಡುವ ಟ್ರೆಂಚರ್, ಕಸಗುಡಿಸುವ ಬ್ರಷ್, ಮುಳ್ಳುಕಂಟಿ ಹಿಡಿಯುವ ಗ್ರ್ಯಾಪಲ್ ಮೊದಲಾದವನ್ನು ಕೆಲವೇ ನಿಮಿಷಗಳಲ್ಲಿ ಬದಲಾಯಿಸಬಹುದೆಂಬುದೇ ಇದರ ಹೆಚ್ಚುಗಾರಿಕೆ. ಉದ್ಯಾನ ಗುತ್ತಿಗೆದಾರನಿಗೆ ಆಗರ್ ಮತ್ತು ಫೋರ್ಕ್ ಎರಡೇ ಮೊದಲ ವರ್ಷಕ್ಕೆ ಸಾಕು. ಮಳೆಗಾಲದ ನೆಡುತೋಪಿಗೆ ಬೇಕಾದ ಗುಂಡಿಗಳನ್ನು ಏಪ್ರಿಲ್, ಮೇ ತಿಂಗಳ ಬಿರುಬಿಸಿಲಿನಲ್ಲಿ ತೋಡಿಸಬೇಕಾಗುತ್ತದೆ. ಕೂಲಿಯಾಳುಗಳು ದೊರೆಯುವುದು ಆಗಲೇ ಕಷ್ಟ.

ಉಪಕರಣ ಓಡುವುದು ಯಂತ್ರದ ಹೈಡ್ರಾಲಿಕ್ ಎಣ್ಣೆಯ ಹರಿವಿನಿಂದ. ಸಾಮಾನ್ಯ ಯಂತ್ರಗಳಲ್ಲಿ ಅದು ನಿಮಿಷಕ್ಕೆ 60ರಿಂದ 80 ಲೀಟರಿನಷ್ಟಿರುತ್ತದೆ. ಆಗರಿಗೆ ಅದು ಸಾಕು. ಹೈ ಫ್ಲೋ ಎಂಬ ಹೆಚ್ಚುವರಿ ಸೌಲಭ್ಯ ರಸ್ತೆ ಕೆರೆಯುವ ಯಂತ್ರ ಮೊದಲಾದ ಭಾರಿ ಉಪಕರಣಗಳಿಗೆ ಬೇಕಾಗುವುದೇ ಹೊರತು ಗಿಡ ನೆಡುವವರಿಗಲ್ಲ. ಅದಕ್ಕಾಗಿ ಹಣ ತೆರಬೇಕಿಲ್ಲ. ಜೋಡಣೆಯ ಚೌಕಟ್ಟು ಐಎಸ್ಓ 24410 ಮಾನಕಕ್ಕೆ ಹೊಂದಿದೆಯೇ ಎಂದು ಮಾತ್ರ ತಪ್ಪದೆ ಕೇಳಬೇಕು. ಹೊಂದಿದ್ದರೆ ಬೇರೆ ತಯಾರಕರ ಉಪಕರಣವನ್ನೂ, ಹುಬ್ಬಳ್ಳಿ ಅಥವಾ ಬೆಳಗಾವಿಯ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಮಾಡಿಸಿದ ಫೋರ್ಕನ್ನೂ ಕೂಡಿಸಿಕೊಳ್ಳಬಹುದು.

ಗಂಟೆಯ ಲೆಕ್ಕ

ಇನ್ನು ಹಣದ ಮಾತು. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಿಡಿದ ಊಹೆಯವು. ಪ್ರತಿಯೊಬ್ಬರೂ ತಮ್ಮ ಕೊಟೇಶನ್ನಿನ ಅಂಕಿಗಳನ್ನು ಅಲ್ಲಿ ತುಂಬಿಕೊಳ್ಳಬೇಕು.

ಯಂತ್ರಕ್ಕೆ 22 ಲಕ್ಷ, ಎರಡು ಉಪಕರಣಗಳಿಗೆ 3 ಲಕ್ಷ, ಒಟ್ಟು 25 ಲಕ್ಷ ರೂ. ಅದರ ಮೇಲೆ ಶೇ. 18ರ ಜಿಎಸ್‌ಟಿ 4.50 ಲಕ್ಷ. ಸಾಲ 20 ಲಕ್ಷ, ವಾರ್ಷಿಕ ಬಡ್ಡಿ ಶೇ. 10.5, ಅವಧಿ 48 ತಿಂಗಳು. ಆಗ ಮಾಸಿಕ ಕಂತು ಸುಮಾರು 51,200 ರೂ., ವರ್ಷಕ್ಕೆ 6.14 ಲಕ್ಷ ರೂ. ಮೊದಲ ವರ್ಷದ ಕಂತುಗಳಲ್ಲಿ ಬಡ್ಡಿಯ ಪಾಲು ಸುಮಾರು 1.90 ಲಕ್ಷ, ಉಳಿದದ್ದು ಅಸಲು.

ಯಂತ್ರವು 8 ವರ್ಷ ಬಾಳಿ ಕೊನೆಗೆ 5 ಲಕ್ಷಕ್ಕೆ ಮಾರಾಟವಾಗುವುದೆಂದರೆ ವರ್ಷದ ಸವಕಳಿ 2.50 ಲಕ್ಷ. ಚಾಲಕನ ಸಂಬಳ ತಿಂಗಳಿಗೆ 20,000ದಂತೆ 2.40 ಲಕ್ಷ. ವಿಮೆ 30,000. ಮೊದಲ ವರ್ಷದ ಬಡ್ಡಿ ಕೂಡಿಸಿದರೆ ವರ್ಷದ ಸ್ಥಿರ ವೆಚ್ಚ 7.10 ಲಕ್ಷ ರೂ. ಯಂತ್ರ ಓಡಲಿ, ನಿಲ್ಲಲಿ, ಇಷ್ಟು ತಪ್ಪಿದ್ದಲ್ಲ. ಓಡಿದಾಗ ಗಂಟೆಗೆ 5 ಲೀಟರ್ ಡೀಸೆಲ್ಲಿಗೆ 450 ರೂ., ಎಣ್ಣೆ, ಫಿಲ್ಟರ್, ಟೈರು, ದುರಸ್ತಿಗೆ 200 ರೂ., ಒಟ್ಟು 650 ರೂ.

ವರ್ಷಕ್ಕೆ 600 ಗಂಟೆ ದುಡಿದರೆ ಪ್ರತಿ ಗಂಟೆಯ ವೆಚ್ಚ ಸುಮಾರು 1,833 ರೂ., 1,000 ಗಂಟೆ ದುಡಿದರೆ 1,360 ರೂ., 1,200 ಗಂಟೆಗೆ 1,242 ರೂ. ಗಂಟೆಗೆ 1,500 ರೂ. ದರ ಸಿಗುವುದಾದರೆ ಡೀಸೆಲ್ ಇತ್ಯಾದಿ ಕಳೆದು ಕೈಯಲ್ಲಿ ಉಳಿಯುವುದು 850. ಸ್ಥಿರ ವೆಚ್ಚ 7.10 ಲಕ್ಷವನ್ನು ಇದರಿಂದ ಭಾಗಿಸಿದರೆ 835 ಗಂಟೆ. ಲಾಭನಷ್ಟದ ತಕ್ಕಡಿ ಸಮನಾಗುವುದು ಅಲ್ಲಿ.

ಬಹುಮಂದಿ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಬ್ಯಾಂಕಿಗೆ ಬೇಕಾದದ್ದು ಸವಕಳಿಯಲ್ಲ, ಕಂತು. ವರ್ಷದ ಕಂತು 6.14 ಲಕ್ಷ, ಸಂಬಳ ಮತ್ತು ವಿಮೆ 2.70 ಲಕ್ಷ, ಒಟ್ಟು 8.84 ಲಕ್ಷ ರೂ. ನಗದು ಹೊರಹೋಗುತ್ತದೆ. ಅದನ್ನು 850ರಿಂದ ಭಾಗಿಸಿದರೆ ಬರುವುದು 1,040 ಗಂಟೆ. ಲಾಭಕ್ಕೆ 835, ಕಂತಿಗೆ 1,040. ಈ ಇನ್ನೂರು ಗಂಟೆಗಳ ಅಂತರದಲ್ಲಿಯೇ ಹೆಚ್ಚಿನ ಯಂತ್ರಗಳು ಫೈನಾನ್ಸ್ ಕಂಪನಿಯ ಯಾರ್ಡಿಗೆ ಹೋಗಿ ನಿಲ್ಲುತ್ತವೆ.

ಈ ಭಾಗದಲ್ಲಿ ಮಳೆಗಾಲದ ನಾಲ್ಕು ತಿಂಗಳು ಮಣ್ಣಿನ ಕೆಲಸ ಬಹುತೇಕ ನಿಲ್ಲುತ್ತದೆ. ಉಳಿದ 8 ತಿಂಗಳು, ತಿಂಗಳಿಗೆ 22 ದಿನ, ದಿನಕ್ಕೆ 5 ಗಂಟೆಯಂತೆ ಹಿಡಿದರೆ 880 ಗಂಟೆ. ದಿನಕ್ಕೆ 5 ಗಂಟೆ ಕಡಿಮೆಯಾಯಿತೆನಿಸಬಹುದು. ಆದರೆ ಯಂತ್ರವನ್ನು ಸಾಗಿಸುವುದು, ಗಿಡ ಬರುವವರೆಗೆ ಕಾಯುವುದು, ಅಳತೆ ಹಾಕುವುದು, ಇವೆಲ್ಲ ಮೀಟರಿನಲ್ಲಿ ಏರುವುದಿಲ್ಲ. 880 ಗಂಟೆಗೆ ಲಾಭನಷ್ಟ ಪತ್ರದಲ್ಲಿ ಸುಮಾರು 38,000 ರೂ. ಲಾಭ ಕಾಣುತ್ತದೆ. ಬ್ಯಾಂಕಿನ ಖಾತೆಯಲ್ಲಿ ಅದೇ ವರ್ಷ 1.36 ಲಕ್ಷ ರೂ. ಕೊರತೆ ಬೀಳುತ್ತದೆ. ಅದನ್ನು ತುಂಬುವುದು ನರ್ಸರಿಯ ಗಳಿಕೆ ಅಥವಾ ಕಬ್ಬಿನ ಬಿಲ್ಲು. ಕಬ್ಬಿನ ಬಿಲ್ಲು ತಡವಾದ ವರ್ಷ ಏನು ಗತಿಯೆಂಬುದನ್ನು ಈ ಭಾಗದ ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪರಿಹಾರಗಳು ಇಲ್ಲದಿಲ್ಲ. ಸಾಲದ ಅವಧಿಯನ್ನು 60 ತಿಂಗಳಿಗೆ ಒಯ್ದರೆ ಕಂತು 43,000ಕ್ಕೆ ಇಳಿದು, ಕಂತಿಗೆ ಬೇಕಾದ ದುಡಿಮೆ 925 ಗಂಟೆಗೆ ಬರುತ್ತದೆ. ಇದಕ್ಕೆ ತೆರುವ ಹೆಚ್ಚಿನ ಬಡ್ಡಿ ಐದು ವರ್ಷಗಳಲ್ಲಿ ಸುಮಾರು 1.21 ಲಕ್ಷ. ಬಡ್ಡಿ ಹೆಚ್ಚಾಯಿತೆಂದು ಇದನ್ನು ತಳ್ಳಿಹಾಕುವವರು ಚೆಕ್ ಮರಳಿ ಬಂದಾಗ ತೆರುವ ದಂಡವನ್ನೂ, ಕೆಡುವ ಸಿಬಿಲ್ ಅಂಕವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆಗಾಲದ ತಿಂಗಳುಗಳಿಗೆ ಕಡಿಮೆ ಕಂತು, ಬೇಸಿಗೆಗೆ ಹೆಚ್ಚು ಕಂತು ಎಂಬ ವ್ಯವಸ್ಥೆಗೆ ಕೆಲವು ಹಣಕಾಸು ಸಂಸ್ಥೆಗಳು ಒಪ್ಪುತ್ತವೆ, ಕೇಳಿದವರಿಗೆ ಮಾತ್ರ. ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ಯಮಕ್ಕೆ 2000ದಿಂದ ಜಾರಿಯಲ್ಲಿರುವ ಸಿಜಿಟಿಎಂಎಸ್ಇ ಖಾತರಿ ಯೋಜನೆಯಡಿ ಆಸ್ತಿಯ ಅಡಮಾನವಿಲ್ಲದೆ ಸಾಲ ಪಡೆಯಲು ಅವಕಾಶವಿದೆ. ಹೊಲದ ಉತಾರವನ್ನು ಬ್ಯಾಂಕಿನ ಮೇಜಿನ ಮೇಲಿಡುವ ಮುನ್ನ ಈ ಯೋಜನೆಯ ಬಗ್ಗೆ ಲಿಖಿತವಾಗಿ ವಿಚಾರಿಸುವುದು ಸೂಕ್ತ.

ಗಂಟೆಗಳನ್ನು ಹೆಚ್ಚಿಸಿಕೊಳ್ಳುವ ದಾರಿಯೂ ಇದೆ. ಸಕ್ಕರೆ ಕಾರ್ಖಾನೆಗಳಲ್ಲಿ ಬಗಾಸ್ ಮತ್ತು ಪ್ರೆಸ್‌ಮಡ್ ಸಾಗಣೆ, ಬೈಲಹೊಂಗಲದಂಥ ಹತ್ತಿಯ ಪೇಟೆಗಳಲ್ಲಿ ಗೋದಾಮಿನೊಳಗಿನ ಕೆಲಸ, ಕಾಂಪೋಸ್ಟ್ ಹೊರಳಿಸುವುದು, ಇವು ಇಕ್ಕಟ್ಟಾದ, ಮೇಲ್ಛಾವಣಿಯುಳ್ಳ ಜಾಗಗಳಲ್ಲಿ ನಡೆಯುವಂಥವು. ಗೋದಾಮು ಮತ್ತು ಕಾಂಪೋಸ್ಟ್ ಶೆಡ್ಡುಗಳಿಗೆ ಮಳೆಯ ಅಡ್ಡಿಯಿಲ್ಲ. ಉದ್ಯಾನದ ಕೆಲಸದಿಂದ 880, ಇವುಗಳಿಂದ 150 ಗಂಟೆ ಬಂದರೂ ಚಿತ್ರ ಬದಲಾಗುತ್ತದೆ.

ಸಾಗಣೆಯ ಖರ್ಚು ಮರೆಯುವಂತಿಲ್ಲ. ಬ್ಯಾಕ್‌ಹೋ ಲೋಡರ್ ತಾನೇ ರಸ್ತೆಯ ಮೇಲೆ ಓಡಿ ಕಿತ್ತೂರಿಗೋ ಬೈಲಹೊಂಗಲಕ್ಕೋ ಹೋಗಿ ಸೇರುತ್ತದೆ. ಕಿರು ಲೋಡರಿನ ವೇಗ ಸಾಮಾನ್ಯವಾಗಿ ಗಂಟೆಗೆ 10-12 ಕಿ.ಮೀ. ಮಾತ್ರ, ಹೆದ್ದಾರಿಯ ಮೇಲೆ ಓಡಿಸಲು ಅದು ತಕ್ಕದ್ದಲ್ಲ. ಮೂರು ಟನ್ ಯಂತ್ರ ಸಣ್ಣ ಛೋಟಾ ಹಾಥಿಯಲ್ಲಿ ಹಿಡಿಸುವುದಿಲ್ಲ, ಅದಕ್ಕೆ ತಕ್ಕ ಲಾರಿ ಅಥವಾ ಟ್ರೇಲರ್ ಬೇಕು. ಹೋಗಿಬರುವ ಸಾಗಣೆಗೆ 2,500 ರೂ. ಎಂದರೆ ನಾಲ್ಕು ಗಂಟೆಯ ಸಣ್ಣ ಕೆಲಸದಲ್ಲಿ ಗಂಟೆಗೆ 625 ರೂ. ಅಲ್ಲಿಯೇ ಹೋಯಿತು, ಉಳಿಯಬೇಕಾದ 850ರಲ್ಲಿ ಉಳಿದದ್ದು 225. ಆದಕಾರಣ ಗ್ರಾಹಕನಿಗೆ ಕೊಡುವ ದರಪಟ್ಟಿಯಲ್ಲಿ ಸಾಗಣೆಯನ್ನು ಬೇರೆ ಸಾಲಿನಲ್ಲಿ ತೋರಿಸುವುದು, ಕನಿಷ್ಠ ಎಂಟು ಗಂಟೆಯ ಕೆಲಸಕ್ಕೆ ಮಾತ್ರ ಯಂತ್ರ ಕಳುಹಿಸುವುದು ವ್ಯಾವಹಾರಿಕ ನಿಯಮವಾಗಬೇಕು. ರಾಮದುರ್ಗದಷ್ಟು ದೂರದ ಕೆಲಸವಾದರೆ ಹಲವು ದಿನಗಳದ್ದೇ ಆಗಬೇಕು.

ತೆರಿಗೆಯ ಅಂಶಗಳು

ಲೋಡರುಗಳ ಮೇಲಿನ ಜಿಎಸ್‌ಟಿ 2017ರ ನವೆಂಬರ್‌ನಲ್ಲಿ ಶೇ. 28ರಿಂದ 18ಕ್ಕೆ ಇಳಿಯಿತು. ಈ 4.50 ಲಕ್ಷವನ್ನು ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ಪಡೆಯಬಹುದೆಂಬುದು ಸರಿ, ಆದರೆ ಅದು ಮರುದಿನವೇ ಕೈಗೆ ಬರುವ ಹಣವಲ್ಲ. ತಿಂಗಳಿಗೆ 1.50 ಲಕ್ಷದ ಬಿಲ್ಲು ಮಾಡುವವನ ಮೇಲೆ ಬೀಳುವ ತೆರಿಗೆ 27,000 ರೂ. ಬೇರೆ ಜಮೆಗಳಿಲ್ಲದಿದ್ದರೂ 4.50 ಲಕ್ಷ ಪೂರ್ತಿ ಹೊಂದಾಣಿಕೆಯಾಗಲು ಹದಿನೇಳು ತಿಂಗಳು ಬೇಕು. ಅಷ್ಟು ಕಾಲ ಆ ಹಣ ಸಿಕ್ಕಿಬಿದ್ದಂತೆಯೇ. ಸ್ವಂತ ಬಂಡವಾಳ 5 ಲಕ್ಷ ಸಾಕೆಂದು ಹೊರಟವನು ವಾಸ್ತವವಾಗಿ ಒಂಬತ್ತೂವರೆ ಲಕ್ಷವನ್ನು ಹೊಂದಿಸಬೇಕಾಗುತ್ತದೆ.

ಉದ್ಯಾನ ಗುತ್ತಿಗೆದಾರರಿಗೆ ಇನ್ನೊಂದು ತೊಡಕೂ ಇದೆ. ಜೀವಂತ ಗಿಡಗಳ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ವಸ್ತುಪೂರೈಕೆಯಿಲ್ಲದ ಶುದ್ಧ ಸೇವೆಯನ್ನು ಪಟ್ಟಣ ಪಂಚಾಯಿತಿ, ಪುರಸಭೆಗಳಿಗೆ ಅವುಗಳ ಸಾಂವಿಧಾನಿಕ ಕರ್ತವ್ಯಗಳ ಸಂಬಂಧ ಒದಗಿಸಿದರೆ ಅದಕ್ಕೂ ವಿನಾಯಿತಿಯಿದೆ. ಉದ್ಯಾನಗಳು ಆ ಕರ್ತವ್ಯಗಳ ಪಟ್ಟಿಯಲ್ಲಿ ಸೇರಿವೆ. ವಿನಾಯಿತಿ ಎಂದಾಕ್ಷಣ ಸಂತೋಷಪಡುವಂತಿಲ್ಲ. ಯಂತ್ರವು ತೆರಿಗೆಯುಳ್ಳ ಮತ್ತು ತೆರಿಗೆಯಿಲ್ಲದ ಎರಡೂ ವ್ಯವಹಾರಗಳಿಗೆ ಬಳಕೆಯಾದರೆ, ಅದರ ಜಮೆಯನ್ನು 60 ತಿಂಗಳುಗಳಿಗೆ ಹಂಚಿ, ತೆರಿಗೆಯಿಲ್ಲದ ವಹಿವಾಟಿನ ಪ್ರಮಾಣದಷ್ಟನ್ನು ತಿಂಗಳು ತಿಂಗಳು ಹಿಂದಿರುಗಿಸಬೇಕು. ನರ್ಸರಿಯ ಮಾರಾಟವೇ ದೊಡ್ಡದಾಗಿರುವವರಿಗೆ ಜಮೆಯ ಗಣನೀಯ ಭಾಗ ಹೀಗೆ ಕರಗುತ್ತದೆ. ಕಾಂಪೋಜಿಷನ್ ಪದ್ಧತಿಯಲ್ಲಿರುವವರಿಗಂತೂ ಜಮೆಯೇ ಇಲ್ಲ, ಅವರ ಪಾಲಿಗೆ ಯಂತ್ರದ ಬೆಲೆ 29.50 ಲಕ್ಷವೇ.

ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದದ್ದನ್ನು ಇಲ್ಲಿ ನೆನೆಯಬೇಕು. ಮನೆಯಲ್ಲಿ ಈಗಾಗಲೇ ಟ್ರ್ಯಾಕ್ಟರ್ ಇದ್ದು, ಕೆಲಸವೂ ವಿಶಾಲವಾದ ಬಯಲಿನದ್ದಾದರೆ ಅದರ ಮುಂದೆ ಕೂಡಿಸುವ ಲೋಡರ್ ಉಪಕರಣವೇ ಸಾಕಾಗಬಹುದು. ಇಕ್ಕಟ್ಟಿನಲ್ಲಿ ಅದು ತಿರುಗುವುದಿಲ್ಲ, ಕಿರು ಲೋಡರಿನ ನಿಖರತೆಯೂ ಇಲ್ಲ. ಆದರೆ ಬಂಡವಾಳವು ಅದರ ಒಂದು ಸಣ್ಣ ಭಾಗ ಮಾತ್ರ. ವರ್ಷಕ್ಕೆ 600 ಗಂಟೆಯ ಕೆಲಸವೂ ಖಚಿತವಿಲ್ಲದವರು ಟ್ರ್ಯಾಕ್ಟರಿನಲ್ಲಿಯೇ ಮುಂದುವರಿದು, ಇಕ್ಕಟ್ಟಿನ ಕೆಲಸಕ್ಕೆ ಯಂತ್ರವನ್ನು ಬಾಡಿಗೆಗೆ ತರುವುದೇ ಲೇಸು.

ಆದಾಯ ತೆರಿಗೆಯಲ್ಲಿ ಯಂತ್ರೋಪಕರಣಗಳಿಗೆ ಸಾಮಾನ್ಯ ಸವಕಳಿ ದರ ಶೇ. 15. ಮೊದಲ ವರ್ಷ 25 ಲಕ್ಷದ ಮೇಲೆ 3.75 ಲಕ್ಷ ಸಿಗುತ್ತದೆ. ಜಮೆ ಪಡೆದ ಜಿಎಸ್‌ಟಿಯನ್ನು ಬೆಲೆಗೆ ಕೂಡಿಸಿ ಸವಕಳಿ ಕೇಳುವಂತಿಲ್ಲ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಸವಕಳಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಯಂತ್ರವು ಅಕ್ಟೋಬರ್ 3ರೊಳಗೆ ಕೆಲಸಕ್ಕಿಳಿದಿರಬೇಕು. ಮೇ ತಿಂಗಳಲ್ಲಿ ಕೊಂಡು ನಾಲ್ಕು ತಿಂಗಳು ಮಳೆಯಲ್ಲಿ ನಿಲ್ಲಿಸಿ ಕಂತು ಕಟ್ಟುವುದಕ್ಕಿಂತ, ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಕೊಂಡರೆ ಎಂಟು ತಿಂಗಳ ದುಡಿಮೆಯೂ ಎದುರಿಗಿರುತ್ತದೆ, ಪೂರ್ತಿ ಸವಕಳಿಯೂ ದೊರೆಯುತ್ತದೆ. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಲಾರಿ ಮಾಲೀಕರಿಗಿರುವ, ವಾಹನದ ಲೆಕ್ಕದ ಅಂದಾಜು ಪದ್ಧತಿಯೂ ಲೋಡರಿಗೆ ಅನ್ವಯಿಸದು, ಅದು ಸರಕು ಸಾಗಣೆ ವಾಹನವಲ್ಲ.

ನೋಂದಣಿ, ವಿಮೆ

ರಬ್ಬರ್ ಟೈರಿನ ಲೋಡರ್ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಿರ್ಮಾಣ ಸಲಕರಣೆ ವಾಹನ ಎಂಬ ವರ್ಗಕ್ಕೆ ಸೇರುತ್ತದೆ. ಕಾಗದಪತ್ರ ಪೂರ್ತಿಯಿಲ್ಲದ ಯಂತ್ರ ಅಪಘಾತಕ್ಕೀಡಾದಾಗ ಹೊಣೆಯೆಲ್ಲ ಮಾಲೀಕನ ಮೇಲೆ ಬೀಳುತ್ತದೆ.

ವಿಮೆಯ ವಿಷಯದಲ್ಲಿ ಒಂದು ಸಣ್ಣ ಅಕ್ಷರದ ಷರತ್ತಿದೆ. ಇಂಥ ಯಂತ್ರಗಳ ಮೋಟಾರು ವಿಮೆಯಲ್ಲಿ, ಯಂತ್ರವು ಉಪಕರಣವಾಗಿ ಕೆಲಸ ಮಾಡುತ್ತಿರುವಾಗ ಮಗುಚಿಬಿದ್ದು ಆಗುವ ಹಾನಿಯನ್ನು ಹೆಚ್ಚುವರಿ ಪ್ರೀಮಿಯಂ ಕಟ್ಟದಿದ್ದರೆ ಹೊರಗಿಟ್ಟಿರುತ್ತಾರೆ. ಐಎಂಟಿ 47 ಎಂಬ ಒಪ್ಪಂದದ ಅಂಶವಿದು. ಕಿರು ಲೋಡರಿಗೆ ಇರುವ ದೊಡ್ಡ ಅಪಾಯವೇ ಮಗುಚುವುದು. ಪಾಲಿಸಿ ಕೈಗೆ ಬಂದ ದಿನವೇ ಈ ಸಾಲನ್ನು ಓದಿ ನೋಡಬೇಕು. ಚಾಲಕನಿಗೂ ಎರಡು ಮಾತು ತಿಳಿದಿರಬೇಕು: ಭಾರವನ್ನು ನೆಲಕ್ಕೆ ಹತ್ತಿರವಾಗಿಯೇ ಒಯ್ಯುವುದು ಮತ್ತು ಇಳಿಜಾರಿನಲ್ಲಿ ಯಂತ್ರದ ಭಾರವಾದ ತುದಿಯನ್ನು ಸದಾ ಮೇಲ್ಬದಿಗೆ ಇಡುವುದು. ಬಕೆಟ್ಟು ತುಂಬಿದ್ದಾಗ ಮುಂಭಾಗ ಭಾರ, ಖಾಲಿಯಿದ್ದಾಗ ಎಂಜಿನ್ ಇರುವ ಹಿಂಭಾಗ ಭಾರ. ಖಾಲಿ ಯಂತ್ರವನ್ನು ದಿಬ್ಬಕ್ಕೆ ಹಿಮ್ಮುಖವಾಗಿಯೇ ಹತ್ತಿಸಬೇಕು. ಎತ್ತಿದ ತೋಳಿನ ಕೆಳಗೆ ಲಾಕ್ ಹಾಕದೆ ಯಾರೂ ಹೋಗಕೂಡದು. ಬಹುತೇಕ ಯಂತ್ರಗಳಲ್ಲಿ ಚಾಲಕ ಬಕೆಟ್ಟಿನ ಮೇಲೆಯೇ ಹಾದು ಮುಂದಿನಿಂದ ಒಳಹೋಗಬೇಕಾಗುತ್ತದೆ. ಜೆಸಿಬಿಯ ಒಂಟಿ ತೋಳಿನ ಮಾದರಿಗಳಲ್ಲಿ ಪಕ್ಕದ ಬಾಗಿಲಿದೆ. ದಿನಕ್ಕೆ ಇಪ್ಪತ್ತು ಸಲ ಹತ್ತಿಳಿಯುವವನಿಗೆ ಇದು ಸಣ್ಣ ಅನುಕೂಲವಲ್ಲ.

ಹಳೆಯ ಯಂತ್ರ ಕೊಳ್ಳುವುದಾದರೆ

ಅರ್ಧ ಬೆಲೆಗೆ ಸಿಗುವ ಹಳೆಯ ಯಂತ್ರಗಳತ್ತ ಮನಸ್ಸು ಹೋಗುವುದು ಸಹಜ. ನಿರ್ಮಾಣ ಯಂತ್ರಗಳ ಹೊಗೆ ನಿಯಮಗಳು 2021ರ ಏಪ್ರಿಲ್‌ನಲ್ಲಿ 37 ಕಿಲೋವಾಟ್ ಮೇಲ್ಪಟ್ಟ ಎಂಜಿನ್‌ಗಳಿಗೆ, ಮತ್ತೆ 2025ರ ಜನವರಿಯಲ್ಲಿ 5ನೇ ಹಂತವಾಗಿ ಬಿಗಿಯಾದವು. ಅದಕ್ಕಿಂತ ಹಿಂದಿನ ಎಂಜಿನ್‌ಗಳು ಸರಳವಾದವು, ತಾಲೂಕಿನ ಮಿಸ್ತ್ರಿಯೇ ಬಿಚ್ಚಿ ಜೋಡಿಸಬಲ್ಲ. ಹೊಸವುಗಳಿಗೆ ಸೆನ್ಸರು, ಹೊಗೆ ಶೋಧಕಗಳ ಕಾರಣ ಕಂಪನಿಯ ಲ್ಯಾಪ್‌ಟಾಪೇ ಬರಬೇಕು, ಡ್ರಮ್ಮಿನಲ್ಲಿ ಕೂಡಿಟ್ಟ ಕಲಬೆರಕೆ ಡೀಸೆಲ್ ಅವಕ್ಕೆ ಆಗಿಬರುವುದಿಲ್ಲ. ಈ ದೃಷ್ಟಿಯಿಂದ ಹಳೆಯ ಯಂತ್ರಕ್ಕೆ ಒಲವು ತೋರುವುದರಲ್ಲಿ ಅರ್ಥವಿದೆ.

ಆದರೆ ಹಳೆಯ ಕಿರು ಲೋಡರಿನಲ್ಲಿ ಎಂಜಿನ್‌ಗಿಂತ ಹೈಡ್ರೋಸ್ಟಾಟಿಕ್ ಪಂಪು ಮತ್ತು ಮೋಟಾರುಗಳೇ ದುಬಾರಿ. ಯಂತ್ರವನ್ನು ತಣ್ಣಗಿರುವಾಗ ಪ್ರಾರಂಭಿಸಿ, ಒಂದು ಗಂಟೆ ಪೂರ್ತಿ ದುಡಿಸಿ, ಎಣ್ಣೆ ಕಾದ ಮೇಲೆ ನೋಡಬೇಕು. ಎರಡೂ ಲೀವರುಗಳನ್ನು ಸಮನಾಗಿ ಒತ್ತಿದಾಗ ಯಂತ್ರ ಒಂದು ಪಕ್ಕಕ್ಕೆ ಎಳೆದರೆ ಆ ಬದಿಯ ಪಂಪು ಅಥವಾ ಮೋಟಾರು ಸೋತಿರುವ ಸಂಭವವಿದೆ. ತುಂಬಿದ ಬಕೆಟ್ಟನ್ನು ಎತ್ತಿ ಎಂಜಿನ್ ನಿಲ್ಲಿಸಿದಾಗ ತೋಳು ತಾನಾಗಿ ಇಳಿಯತೊಡಗಿದರೆ ಸಿಲಿಂಡರಿನ ಸೀಲು ಅಥವಾ ವಾಲ್ವು ಹೋಗಿದೆ. ತೋಳಿನ ಕೀಲುಗಳಲ್ಲಿ ಆಟ, ಚೈನ್ ಪೆಟ್ಟಿಗೆಯಲ್ಲಿ ಸದ್ದು, ಚಾಸಿಸ್ಸಿನ ಮೇಲೆ ಹೊಸ ಬಣ್ಣದ ಕೆಳಗಿನ ವೆಲ್ಡಿಂಗ್ ಗುರುತು, ಇವನ್ನೆಲ್ಲ ಹಗಲಿನ ಬೆಳಕಿನಲ್ಲಿಯೇ ನೋಡಬೇಕು. ಮೀಟರಿನ ಗಂಟೆಯನ್ನು ನಂಬುವುದಕ್ಕಿಂತ ಕಾಲಿಡುವ ಪೆಡಲು ಮತ್ತು ಸೀಟಿನ ಸವೆತವನ್ನು ನಂಬುವುದು ಮೇಲು. ಮಾರುವವನಿಂದ ಮೂಲ ಇನ್‌ವಾಯ್ಸ್, ಫೈನಾನ್ಸ್ ಕಂಪನಿಯ ನಿರಾಕ್ಷೇಪಣಾ ಪತ್ರ ಇವೆರಡೂ ಕೈಗೆ ಬರುವವರೆಗೆ ಮುಂಗಡದ ಆಚೆಗೆ ಹಣ ಕೊಡತಕ್ಕದ್ದಲ್ಲ.

ಮರುಮಾರಾಟದ ವಿಚಾರದಲ್ಲಿ ಬ್ಯಾಕ್‌ಹೋ ಲೋಡರಿಗೆ ಯಾವ ತಾಲೂಕಿನಲ್ಲಿಯೂ ಕೊಳ್ಳುವವರು ಸಿಗುತ್ತಾರೆ. ಕಿರು ಲೋಡರಿಗೆ ಕೊಳ್ಳುವವರು ಕಡಿಮೆ, ಅವರನ್ನು ಹುಬ್ಬಳ್ಳಿ, ಬೆಳಗಾವಿ, ಪುಣೆಗಳ ಕಡೆಗೆ ಹುಡುಕಬೇಕಾಗುತ್ತದೆ. ಮೇಲಿನ ಲೆಕ್ಕದಲ್ಲಿ ಹಿಡಿದ 5 ಲಕ್ಷದ ಕೊನೆಯ ಬೆಲೆಯನ್ನು 3 ಲಕ್ಷಕ್ಕೆ ಇಳಿಸಿ ಇನ್ನೊಮ್ಮೆ ಕೂಡಿಸಿದರೆ ವರ್ಷದ ಸವಕಳಿಗೆ 25,000 ಸೇರಿ, ಲಾಭದ ಗಡಿ 835ರಿಂದ 865 ಗಂಟೆಗೆ ಏರುತ್ತದೆ. ಕೊಳ್ಳುವವರು ಡೀಲರನ್ನು ಕರೆಸಿ ಯಂತ್ರವನ್ನು ಒಂದು ದಿನ ತಮ್ಮದೇ ಕೆಲಸದ ಜಾಗದಲ್ಲಿ, ತಮ್ಮದೇ ಮಣ್ಣಿನಲ್ಲಿ ಓಡಿಸಿ ತೋರಿಸಲು ಕೇಳಬೇಕು. ಷೋರೂಮಿನ ಅಂಗಳದ ಒಣ ಮರಳಿನಲ್ಲಲ್ಲ. ಡೀಸೆಲ್ ಟ್ಯಾಂಕನ್ನು ಬೆಳಿಗ್ಗೆ ತುಂಬಿಸಿ, ಸಂಜೆ ಎಷ್ಟು ಲೀಟರ್ ಹಿಡಿಯಿತೆಂದು ಬರೆದುಕೊಂಡರೆ ಗಂಟೆಗೆ 5 ಲೀಟರ್ ಎಂಬ ಊಹೆಯ ಜಾಗದಲ್ಲಿ ನಿಜವಾದ ಅಂಕಿ ಬರುತ್ತದೆ.